ನಾನು ಮಾಡುವ ಕೆಲಸ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಪುಣೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನಮ್ಮ ಕಾರ್ಯದರ್ಶಿಗಳು ಒಂದು ಭಾನುವಾರ ಮನೆಗೆ ಬಂದು, "ರಾಜ್ಯೋತ್ಸವದ ದಿನ ತಾವು ನಾಲ್ಕು ಮಾತು ಆಡಬೇಕು" ಎಂದಾಗ ನಾನು ಹಿಂಜರಿದೆನು. ಸಾಹಿತ್ಯ ನನಗೆ ತಿಳಿಯದು, ಸಂಗೀತ ಬಾರದು; ನನ್ನಿಂದ ಸಭೆಗೆ ಆಗತಕ್ಕ ಪ್ರಯೋಜನವೇನು ಎಂದು ಕೇಳಿದೆನು. ಅದಕ್ಕೆ ಅವರು, "ತಾವು ದಿನವೂ ಹಿಂಜವಡಿಗೆ ಹೋಗಿ ಏನು ಮಾಡುತ್ತೀರಿ, ಅಷ್ಟನ್ನೇ ಹೇಳಿರಿ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಅದೇ ಕೆಲಸದಲ್ಲಿದ್ದಾರೆ. ಅವರು ಮಾಡುವುದೇನೆಂಬುದು ಮನೆಯವರಿಗೆ ಮಾತ್ರ ಇನ್ನೂ ತಿಳಿದಿಲ್ಲ" ಎಂದರು. ತಾವು ನಗುತ್ತಿದ್ದೀರಿ. ಆದರೆ ನನ್ನ ಮನೆಯ ಮಟ್ಟಿಗಂತೂ ಅವರ ಮಾತು ನಿಜವಾಗಿತ್ತು.

ನಮ್ಮ ತಂದೆಯವರು ಗದಗಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವರು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರುಷ ಫಿಟ್ಟರ್ ಆಗಿ ದುಡಿದರು. ನಾನು ಸಾಫ್ಟ್‌ವೇರ್ ಕಂಪನಿಗೆ ಸೇರಿದ ಹೊಸತರಲ್ಲಿ, ಸಂಜೆ ಮನೆಗೆ ಬಂದು ಚಹಾ ಕುಡಿಯುವಾಗ ಅವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಇವತ್ತ ಏನು ತಯಾರಾತು?" ಅವರು ತಮ್ಮ ಕಾಲದಲ್ಲಿ ಸಂಜೆಯ ಭೋಂಗಾ ಆಗುವ ಹೊತ್ತಿಗೆ, ಇಷ್ಟು ನಗ ಆಯಿತು, ಇಷ್ಟು ನಗ ಕೆಟ್ಟಿತು ಎಂದು ಲೆಕ್ಕ ಬರೆಸಿ ಬರುತ್ತಿದ್ದವರು. ಹತ್ತು ತಾಸು ಕುರ್ಚಿಯ ಮೇಲೆ ಕುಳಿತು ಬಂದ ಮಗನ ಬಳಿ ತೋರಿಸಲು ಒಂದು ನಗವೂ ಇರಲಿಲ್ಲ. "ಇವತ್ತು ಓದಿದೆ ಅಪ್ಪಾ" ಎಂದರೆ, "ಓದೂದು ಕಾಲೇಜಿನಾಗ ಮುಗೀಲಿಲ್ಲೇನೋ?" ಎನ್ನುವರು.

ಅವರ ಪ್ರಶ್ನೆಗೆ ನೇರವಾದ ಉತ್ತರ ಕೊಡಲು ನನಗೆ ಬಹಳ ವರುಷ ಬೇಕಾದವು. ಇಂದು ಆ ಉತ್ತರವನ್ನು ತಮ್ಮ ಮುಂದೆ ಇಡುತ್ತೇನೆ.

ಎಂಜಿನಿಯರ್ ಎಂದೊಡನೆ ಪುಣೆಯ ಕನ್ನಡಿಗರಿಗೆ ನೆನಪಾಗುವವರು ವಿಶ್ವೇಶ್ವರಯ್ಯನವರು. ಅವರು ಎಂಜಿನಿಯರಿಂಗ್ ಕಲಿತದ್ದು ಈ ಊರಿನ ಕಾಲೇಜಿನಲ್ಲಿಯೇ. ಅವರು ಯೋಚಿಸಿ ರೂಪಿಸಿದ ತಾನಾಗಿ ತೆರೆಯುವ ಬಾಗಿಲುಗಳನ್ನು ೧೯೦೩ರಲ್ಲಿ ಮೊದಲು ಜೋಡಿಸಿದ್ದು ನಮ್ಮ ಖಡಕವಾಸಲಾ ಜಲಾಶಯಕ್ಕೆ. ನೀರು ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದು ಹೆಚ್ಚಿನ ನೀರನ್ನು ಬಿಡುವುದು, ಇಳಿದರೆ ತಾನೇ ಮುಚ್ಚುವುದು. ನಡುರಾತ್ರಿ ಮಳೆ ಹೊಯ್ದಾಗ ಎಂಜಿನಿಯರು ಮನೆಯಲ್ಲಿ ಮಲಗಿರುತ್ತಾನೆ. ಅವನ ವಿಚಾರ ಮಾತ್ರ ಅಣೆಕಟ್ಟಿನ ಮೇಲೆ ಎಚ್ಚತ್ತು ನಿಂತಿರುತ್ತದೆ. ಸಾಫ್ಟ್‌ವೇರ್ ಎಂಬುದೂ ಇಂಥದೇ. "ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು" ಎಂದು ಮೊದಲೇ ಬರೆದಿಟ್ಟ ಅಪ್ಪಣೆಗಳ ಮಾಲೆ ಅದು. ಅವರ ಬಾಗಿಲು ಕಬ್ಬಿಣದ್ದು, ಕಣ್ಣಿಗೆ ಕಾಣುತ್ತಿತ್ತು. ನಮ್ಮದು ಬರೆಹದ್ದು, ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

ಹಾಗಾದರೆ ಇಡೀ ದಿನ ನಾವು ಬರೆಯುತ್ತಲೇ ಇರುತ್ತೇವೆಯೆ ಎಂದರೆ, ಇಲ್ಲ. ಬೆಳಿಗ್ಗೆ ಹೋದೊಡನೆ ಏಳೆಂಟು ಜನ ಸೇರಿ ನಿಂತುಕೊಂಡೇ ಒಂದು ಚಿಕ್ಕ ಸಭೆ ನಡೆಸುತ್ತೇವೆ. ಕುಳಿತರೆ ಮಾತು ಬೆಳೆಯುತ್ತದೆ ಎಂದು ನಿಲ್ಲುವ ಪದ್ಧತಿ. (ನಮ್ಮ ಸಂಘದ ಕಾರ್ಯಕಾರಿ ಸಮಿತಿಯೂ ಇದನ್ನು ಪರಿಶೀಲಿಸಬಹುದು.) ನಿನ್ನೆ ಏನಾಯಿತು, ಇಂದು ಏನು ಮಾಡುವೆ, ಯಾವುದಕ್ಕೆ ಅಡ್ಡಿಯಾಗಿದೆ ಎಂಬ ಮೂರೇ ಮಾತು. ಆಮೇಲೆ ಹೊಸತಾಗಿ ಬರೆಯುವುದು ದಿನಕ್ಕೆ ಕೆಲವೇ ಸಾಲು. ಉಳಿದ ಹೊತ್ತು ಹೋಗುವುದು ಬೇರೆಯವರು ಬರೆದದ್ದನ್ನು ಓದುವುದರಲ್ಲಿ. ಬರೆದವನು ಕೆಲಸ ಬಿಟ್ಟು ಎಂದೋ ಹೋಗಿರುತ್ತಾನೆ. ಈ ಸಾಲನ್ನು ಏಕೆ ಬರೆದ ಎಂದು ಕೇಳೋಣವೆಂದರೆ ಆಸಾಮಿ ಇಲ್ಲ. ಹಳೆಯ ಮನೆಯನ್ನು ಕೊಂಡವನು, ಈ ಕಂಬವನ್ನು ತೆಗೆದರೆ ಮಾಳಿಗೆ ನಿಂತೀತೆ ಎಂದು ಗೋಡೆ ತಟ್ಟಿ ನೋಡುತ್ತಾನಲ್ಲ, ಹಾಗೆ ನಮ್ಮ ಓದು.

ಈ ಓದು ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಎರಡು ಉದಾಹರಣೆ ಹೇಳುತ್ತೇನೆ. ಹಿಂದೆ ಗಣಕಯಂತ್ರಗಳಲ್ಲಿ ಜಾಗ ಬಹಳ ದುಬಾರಿಯಾಗಿತ್ತು. ಆದುದರಿಂದ ಇಸವಿಯನ್ನು ಬರೆಯುವಾಗ ಕೊನೆಯ ಎರಡೇ ಅಂಕಿ ಇಡುತ್ತಿದ್ದರು, ೧೯೬೫ಕ್ಕೆ ೬೫. ಈ ಜಿಪುಣತನದ ಫಲವಾಗಿ ೨೦೦೦ನೆಯ ಇಸವಿ ಬಂದಾಗ ಎರಡು ಸೊನ್ನೆಗಳನ್ನು ಕಂಡ ಯಂತ್ರ ಅದನ್ನು ೧೯೦೦ ಎಂದು ತಿಳಿಯುವ ಭಯವುಂಟಾಯಿತು. ಆಗ ಜಗತ್ತಿನ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಬರೆಹವನ್ನೆಲ್ಲ ಸಾಲುಸಾಲಾಗಿ ಓದಿ ತಿದ್ದುವ ಕೆಲಸದಲ್ಲಿ ನಮ್ಮ ದೇಶದ ಸಾವಿರಾರು ತರುಣರು ತೊಡಗಿದರು. ಅವರು ಸರಿಯಾಗಿ ಓದಿದ್ದರಿಂದಲೇ ಆ ಹೊಸ ವರುಷದ ದಿನ ದೊಡ್ಡ ಅನಾಹುತವೇನೂ ಆಗಲಿಲ್ಲ. ಆಗಲಿಲ್ಲವಾದ್ದರಿಂದ ಅವರ ಕೆಲಸವನ್ನು ಯಾರೂ ನೆನೆಯುವುದೂ ಇಲ್ಲ.

ಎರಡನೆಯದು ೧೯೯೬ರ ಜೂನ್ ೪ರದು. ಯೂರೋಪಿನವರ ಆರಿಯಾನ್-೫ ಎಂಬ ಹೊಸ ರಾಕೆಟ್ಟು ಹಾರಿದ ಒಂದು ನಿಮಿಷದೊಳಗೆ ಚೂರುಚೂರಾಯಿತು. ಹಿಂದಿನ ರಾಕೆಟ್ಟಿನ ಸಾಫ್ಟ್‌ವೇರಿನ ಒಂದು ಭಾಗವನ್ನು ಇದಕ್ಕೆ ಹಾಗೆಯೇ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚಿನದು. ಆ ವೇಗದ ಅಂಕಿ ಹಳೆಯ ಬರೆಹದಲ್ಲಿ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಅಕ್ಕನ ಬಳೆಯನ್ನು ಅಳತೆ ನೋಡದೆ ತಂಗಿಗೆ ತೊಡಿಸಹೋದಂತಾಯಿತು.

ಇನ್ನು ರಾತ್ರಿಯ ಮಾತು. ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ನಮಗೆ ರಾತ್ರಿ ಒಂಬತ್ತೂವರೆ. ಅಲ್ಲಿಯ ಗಿರಾಕಿಯೊಡನೆ ಮಾತಾಡಬೇಕಾದರೆ ಇಲ್ಲಿ ಮಗು ಮಲಗುವ ಹೊತ್ತನ್ನೇ ಕೊಡಬೇಕು. ಇದಲ್ಲದೆ ಸರದಿಯ ಪಹರೆಯೂ ಉಂಟು. ಸರದಿಯ ವಾರದಲ್ಲಿ ಫೋನನ್ನು ದಿಂಬಿನ ಬಳಿಯೇ ಇಟ್ಟು ಮಲಗಬೇಕು. ಎಲ್ಲಿಯಾದರೂ ಯಂತ್ರ ಕೆಟ್ಟರೆ ಅದು ಕೂಗುತ್ತದೆ, ಎದ್ದು ಕುಳಿತುಕೊಳ್ಳಲೇಬೇಕು.

ಅಂಥ ಒಂದು ರಾತ್ರಿಯ ಸಂಗತಿಯನ್ನು ಹೇಳಲೆಂದೇ ನಾನು ಇಂದು ಇಲ್ಲಿಗೆ ಬರಲು ಒಪ್ಪಿದೆನು. ಕಂಪನಿಯ ಹೆಸರು ಬೇಡ.

ಅದನ್ನು ತಿಳಿಯಬೇಕಾದರೆ ಮೊದಲು ಮನಿಯಾರ್ಡರಿನ ಮಾತು ಹೇಳಬೇಕು. ನಮ್ಮ ತಂದೆಯವರು ತಿಂಗಳು ತಿಂಗಳು ಊರಿನಲ್ಲಿದ್ದ ಅಜ್ಜಿಗೆ ಮನಿಯಾರ್ಡರು ಮಾಡುತ್ತಿದ್ದರು. ಅಜ್ಜಿಯ ಹೆಬ್ಬೆಟ್ಟಿನ ಗುರುತಿದ್ದ ಚೀಟಿ ತಿರುಗಿ ಬರುವ ತನಕ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಒಮ್ಮೆ ಚೀಟಿ ಬರಲೇ ಇಲ್ಲ. ಹಣ ಮುಟ್ಟಲಿಲ್ಲವೋ, ಅಥವಾ ಹಣ ಮುಟ್ಟಿ ಚೀಟಿ ಮಾತ್ರ ದಾರಿಯಲ್ಲಿ ಕಳೆಯಿತೋ? ಮತ್ತೆ ಕಳಿಸಿದರೆ ಎರಡು ಸಲ ಹೋದೀತು. ಕಳಿಸದಿದ್ದರೆ ಮುದುಕಿ ಉಪವಾಸವಿದ್ದಾಳು. ಗಣಕಯಂತ್ರಗಳಿಗೂ ದಿನಕ್ಕೆ ಸಾವಿರ ಸಲ ಇದೇ ಪೇಚು. ಇದಕ್ಕೆ ಉಪಾಯವೆಂದರೆ, ಒಂದೊಂದು ಪಾವತಿಗೂ ಒಂದೊಂದು ನಂಬರು ಕೊಡುವುದು. ಉತ್ತರ ಬಾರದಿದ್ದರೆ ಅದೇ ನಂಬರು ಹಾಕಿ ಮತ್ತೆ ಕಳಿಸಬೇಕು. ಬ್ಯಾಂಕು ಆ ನಂಬರನ್ನು ಮೊದಲೇ ಕಂಡಿದ್ದರೆ, ಇದು ಆಗಲೇ ಬಂದಿದೆ ಎಂದು ಎರಡನೆಯದನ್ನು ಬಿಟ್ಟುಬಿಡುತ್ತದೆ.

ನಮ್ಮ ಸಾಫ್ಟ್‌ವೇರು ಕಾರ್ಖಾನೆಗಳ ಕೆಲಸಗಾರರ ಪಗಾರವನ್ನು ಅವರವರ ಬ್ಯಾಂಕ್ ಖಾತೆಗೆ ಕಳಿಸುವಂಥದು. ನಾನು ಒಂದು ದಿನ ಅದರ ಹಳೆಯ ಬರೆಹವನ್ನು ಒಪ್ಪಗೊಳಿಸಲು ಹೋಗಿ, ಆ ನಂಬರು ಹುಟ್ಟಿಸುವ ಸಾಲನ್ನು ನಾಲ್ಕು ಸಾಲು ಕೆಳಕ್ಕೆ ತಂದೆನು. ಅಷ್ಟರಿಂದ, ಪ್ರತಿ ಸಲ ಕಳಿಸುವಾಗಲೂ ಹೊಸ ನಂಬರು ಹುಟ್ಟುವಂತಾಯಿತು. ಬ್ಯಾಂಕು ಬೇಗ ಉತ್ತರ ಕೊಡುತ್ತಿದ್ದುದರಿಂದ ಎರಡು ವಾರ ಯಾರಿಗೂ ತಿಳಿಯಲಿಲ್ಲ. ನಮ್ಮಲ್ಲಿ ಗುತ್ತಿಗೆಯ ಮೇಲೆ ಬಂದಿದ್ದ ಲಾತೂರಿನ ಕಡೆಯ ಒಬ್ಬ ಹುಡುಗನಿದ್ದನು. ಉತ್ತರಕ್ಕಾಗಿ ಅರುವತ್ತು ಸೆಕೆಂಡು ಕಾಯುವ ಬದಲು ಹತ್ತೇ ಸೆಕೆಂಡು ಕಾಯುವಂತೆ ಮಾಡೆಂದು ಅವನಿಗೆ ಮೇಲಿನವರು ಹೇಳಿದರು, ಮಾಡಿದನು. ಮರುದಿನವೇ ಪಗಾರದ ದಿನ. ಗಣಪತಿ ಹಬ್ಬಕ್ಕೆ ಎರಡು ದಿನವಿತ್ತು. ಬ್ಯಾಂಕಿನ ಯಂತ್ರಗಳಿಗೆ ಉಸಿರಾಡಲು ಪುರಸೊತ್ತಿರಲಿಲ್ಲ.

ರಾತ್ರಿ ಒಂದೂ ನಲವತ್ತಕ್ಕೆ ಫೋನು ಕೂಗಿತು. ಮೂರು ಕಾರ್ಖಾನೆಗಳ ನಾನೂರಕ್ಕೆ ಮೇಲ್ಪಟ್ಟ ಜನರಿಗೆ ಎರಡೆರಡು ಪಗಾರ ಹೋಗಿತ್ತು. ಕೇಳಲು ತಮಾಷೆಯಾಗಿದೆ. ಆದರೆ ಅದರಲ್ಲಿ ಒಂದು ಕಾರ್ಖಾನೆ ಚಿಕ್ಕದು. ಅದರ ಖಾತೆ ಬರಿದಾಗಿ, ಪಟ್ಟಿಯ ಕೊನೆಯಲ್ಲಿದ್ದ ತೊಂಬತ್ತು ಜನರಿಗೆ ಒಂದು ಪೈಯೂ ಹೋಗಲಿಲ್ಲ. ನಾನು ಮೊದಲು ಎಲ್ಲವನ್ನೂ ನಿಲ್ಲಿಸಿದೆನು. ಆಮೇಲೆ ಓದುತ್ತ ಕುಳಿತೆನು. ಮೂರು ಗಂಟೆಯ ಸುಮಾರಿಗೆ ಆ ಸಾಲು ಕಂಡಿತು. ಪಕ್ಕದಲ್ಲಿ ನನ್ನ ಹೆಸರೂ ತಾರೀಖೂ ಇದ್ದವು.

ಸೋದರರೆ, ಆಗಲೇ ನಾನು ನಮ್ಮ ಮುಖ್ಯಸ್ಥೆಗೆ ಫೋನು ಮಾಡಿ ಹೇಳಿದೆನೆಂದರೆ ತಮಗೆ ಸಂತೋಷವಾದೀತು. ಆದರೆ ಅದು ಸುಳ್ಳಾದೀತು. ನಾನು ಹೇಳಲಿಲ್ಲ. ಆ ವರುಷ ನನಗೆ ಬಡತಿ ಬರುವುದಿತ್ತು. ಮನೆಯ ಸಾಲದ ಕಂತು ಆಗತಾನೆ ಆರಂಭವಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಸಭೆ ಸೇರಿತು. ಮೇಲಿನ ಅಧಿಕಾರಿಯೊಬ್ಬರು, "ಕೊನೆಯ ಬದಲಾವಣೆ ಯಾರದು?" ಎಂದು ಕೇಳಿದರು. ಆ ಹುಡುಗ ಎದ್ದು ನಿಂತು, "ನನ್ನದು ಸರ್" ಎಂದನು. ಅವನ ಕೈ ನಡುಗುತ್ತಿತ್ತು. ಆಗಲೂ ನಾನು ಸುಮ್ಮನೆ ಕುಳಿತೆನು. ಅಧಿಕಾರಿಗಳು ಗುತ್ತಿಗೆಯ ಏಜೆನ್ಸಿಯವರನ್ನು ಫೋನಿನಲ್ಲಿ ಕರೆಯಿರಿ ಎಂದರು. ಆ ಮಾತು ಕೇಳಿದ ಮೇಲೆ ನನ್ನಿಂದ ಕೂಡಲಾಗಲಿಲ್ಲ. ಎದ್ದು, "ತಪ್ಪು ಅವನದಲ್ಲ. ಎರಡು ವಾರದ ಹಿಂದಿನ ನನ್ನ ಸಾಲಿನದು. ನನಗೆ ಮೂರು ಗಂಟೆಗೇ ತಿಳಿದಿತ್ತು" ಎಂದೆನು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಮುಖ್ಯಸ್ಥೆ ಸೋಲಾಪುರದ ಕಡೆಯ ಮರಾಠಿ ಹೆಣ್ಣುಮಗಳು. ಅವರು, "ಆ ಸಾಲನ್ನು ಓದಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವಳು ನಾನು. ಯಾರು ಎಂಬುದು ಮುಗಿಯಿತು. ಇನ್ನು ಹೇಗೆ ಎಂಬುದನ್ನು ನೋಡೋಣ" ಎಂದರು. ಮಧ್ಯಾಹ್ನದ ಹೊತ್ತಿಗೆ ಕಂಪನಿ ತನ್ನ ಹಣವನ್ನೇ ಹಾಕಿ ಬಾಕಿಯಿದ್ದವರಿಗೆ ಪಗಾರ ಕಳಿಸಿತು. ಆದರೂ ಹದಿನೇಳು ಜನರಿಗೆ ಅದು ಮುಟ್ಟಿದ್ದು ಹಬ್ಬದ ಮರುದಿನ. ಆ ಹದಿನೇಳು ಮನೆಗಳ ಹಬ್ಬವನ್ನು ನಾನು ಯಾವ ಸಾಫ್ಟ್‌ವೇರಿನಿಂದಲೂ ತಿರುಗಿ ಕೊಡಲಾರೆ. ಆಮೇಲೆ ನಾವು ಒಂದು ಹೊಸ ಪರೀಕ್ಷೆಯನ್ನು ಬರೆದೆವು. ಅದರಲ್ಲಿ ಉತ್ತರವನ್ನೇ ಕೊಡದ ಒಂದು ಮೂಕ ಬ್ಯಾಂಕು ಇದೆ. ಸಾಫ್ಟ್‌ವೇರಿನಲ್ಲಿ ಏನನ್ನು ಬದಲಿಸಿದರೂ ಮೊದಲು ಆ ಮೂಕ ಬ್ಯಾಂಕಿನ ಮುಂದೆ ನಿಲ್ಲಿಸಿ ನೋಡಿಯೇ ಹೊರಗೆ ಬಿಡುವುದು. ನನಗೆ ಆ ವರುಷ ಬಡತಿ ಬರಲಿಲ್ಲ. ಹುಡುಗನ ಕೆಲಸ ಉಳಿಯಿತು.

ಅಂದು ಸಂಜೆ ತಂದೆಯವರು ಎಂದಿನಂತೆ, "ಇವತ್ತ ಏನು ತಯಾರಾತು?" ಎಂದರು. ನಾನು ಎಲ್ಲವನ್ನೂ ಹೇಳಿದೆನು. ಅವರು ಚಹಾದ ಬಸಿ ಕೆಳಗಿಟ್ಟು ಹೇಳಿದರು: "ನಮ್ಮಲ್ಲೆ ಅಳತಿ ತಪ್ಪಿದ ಮಾಲಿಗೆ ಕೆಂಪ ಬಣ್ಣಾ ಹಚ್ಚಿ ಬ್ಯಾರೆ ಇಡತಿದ್ವಿ. ಕೆಡಿಸಿದಾಂವಗ ಬೈಗಳಾ, ಅಷ್ಟ. ಮುಚ್ಚಿ ಛಲೋ ಮಾಲಿನಾಗ ಸೇರಿಸಿದಾಂವಗ ಮಾತ್ರ ಗೇಟಿನ ಹೊರಗ ದಾರಿ. ಯಾಕಂದರ ಆ ಮಾಲು ಎಲ್ಲೋ ಒಬ್ಬ ಸಿಪಾಯಿ ಕೈಯಾಗ ಸಿಡೀತೈತಿ. ನೀ ಬಣ್ಣಾ ಹಚ್ಚೂದಕ್ಕ ಆರು ತಾಸು ತಡಾ ಮಾಡಿದಿ. ಮುಂದಿನ ಸಲ ತಡಾ ಮಾಡಬ್ಯಾಡ." ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗನ್ನ ಒಂದಿನಾ ಊಟಕ್ಕ ಕರಕೊಂಡ ಬಾ" ಎಂದರು. ಅವನು ಬಂದನು. ನಮ್ಮ ತಾಯಿಯ ಜೋಳದ ರೊಟ್ಟಿಯನ್ನು ತನ್ನೂರಿನ ಭಾಕರಿಯೆಂದೇ ತಿಳಿದು ನಾಲ್ಕು ಹೊಡೆದನು. ಈಗ ಅವನು ಬೇರೊಂದು ಕಡೆ ಎಂಟು ಜನರ ಮುಖ್ಯಸ್ಥನಾಗಿದ್ದಾನೆ.

ಈ ಕೆಲಸದ ಬಗೆಗೆ ನಾನು ಹೇಳಬೇಕಾದ ಮಾತು ಇದೊಂದೇ. ಜಾಣತನ ಬೇಕು, ಗಣಿತ ಬೇಕು, ಇಂಗ್ಲಿಷ್ ಬೇಕು. ಇವೆಲ್ಲ ಕಲಿತರೆ ಬರತಕ್ಕವು. ಕಾಣದ ಮಾಲನ್ನು ತಯಾರಿಸುವವನಿಗೆ ಎಲ್ಲಕ್ಕೂ ಮೊದಲು ಬೇಕಾದದ್ದು, ತನ್ನ ತಪ್ಪಿಗೆ ತಾನೇ ಕೆಂಪು ಬಣ್ಣ ಹಚ್ಚುವ ಧೈರ್ಯ. ೨೦೨೪ರ ಜುಲೈ ೧೯ರಂದು ಒಂದು ರಕ್ಷಣೆಯ ಸಾಫ್ಟ್‌ವೇರಿನ ಕೆಟ್ಟ ಕಂತು ಜಗತ್ತಿನ ಸುಮಾರು ೮೫ ಲಕ್ಷ ಗಣಕಯಂತ್ರಗಳನ್ನು ನಿಲ್ಲಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಚೀಟಿ ಬರೆದುಕೊಟ್ಟದ್ದು ತಮಗೆ ನೆನಪಿರಬಹುದು. ಸಣ್ಣ ತಪ್ಪು ಎಷ್ಟು ದೂರ ಹೋಗಬಲ್ಲುದೆಂದು ಅಂದು ಎಲ್ಲರೂ ಕಂಡರು.

ಪೋಷಕರಿಗೆ ಇನ್ನೆರಡು ಮಾತು. ಈ ಉದ್ಯೋಗದಲ್ಲಿ ಸಂಬಳ ಚೆನ್ನಾಗಿದೆ. ಆದರೆ ನಮ್ಮ ತಂದೆಯವರಿಗಿದ್ದಂತೆ ಮೂವತ್ತೊಂದು ವರುಷದ ನಿಶ್ಚಿಂತೆ ಇಲ್ಲ. ಕೆಲಸ ಚೆನ್ನಾಗಿ ಮಾಡಿದವನಿಗೂ ಒಂದು ಬೆಳಿಗ್ಗೆ ಕೆಲಸವಿಲ್ಲ ಎಂಬ ಪತ್ರ ಬರುವುದುಂಟು. ಅಂಥ ಮಗ ಅಥವಾ ಮಗಳು ಮನೆಗೆ ಬಂದಾಗ "ನೀನೇನು ತಪ್ಪು ಮಾಡಿದೆ?" ಎಂದು ಕೇಳಬೇಡಿರಿ. ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ತಾವೇ ಸಾಲುಗಳನ್ನು ಬರೆಯುತ್ತಿವೆ; ಇನ್ನು ಎಂಜಿನಿಯರ್ ಏಕೆ ಎಂದು ಹಲವರು ಕೇಳುತ್ತಾರೆ. ನಾನೂ ಆ ಯಂತ್ರವನ್ನು ಬಳಸುತ್ತೇನೆ. ಅದು ಬರೆದದ್ದನ್ನು ಓದಿ, ಸಂಶಯಪಟ್ಟು, "ಇದಕ್ಕೆ ನಾನು ಜವಾಬ್ದಾರ" ಎನ್ನಲು ಇಂದಿಗೂ ಒಬ್ಬ ಮನುಷ್ಯ ಬೇಕು. ಬರೆಯುವ ಕೆಲಸ ಹಗುರಾದಷ್ಟೂ ಓದುವ ಕೆಲಸ ಭಾರವಾಗಿದೆ.

ಕೊನೆಯದಾಗಿ, ರಾಜ್ಯೋತ್ಸವದ ದಿನವಾದ್ದರಿಂದ ಕನ್ನಡದ ಮಾತು. ತಾವು ಇಂದು ಊರಿನ ಬಂಧುಗಳಿಗೆ ಫೋನಿನಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಶುಭಾಶಯ ಕಳಿಸಿದ್ದೀರಿ. ಅದರ ಹಿಂದೆಯೂ ಕಾಣದ ಕೆಲಸವಿದೆ. ಗಣಕಯಂತ್ರಕ್ಕೆ ತಿಳಿಯುವುದು ಅಂಕಿ ಮಾತ್ರ. ಆದುದರಿಂದ ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಅಂಕಿ ಕೊಡುವ ಯೂನಿಕೋಡ್ ಎಂಬ ಏರ್ಪಾಡು ೧೯೯೧ರಲ್ಲಿ ಹೊರಬಂದಿತು. ಅದರಲ್ಲಿ ನಮ್ಮ 'ಅ'ಕಾರದ ಅಂಕಿ ೩೨೦೫. 'ಲಕ್ಷ್ಮಿ' ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಕಣ್ಣಿಗೆ ಎರಡೇ ಅಕ್ಷರ. ಯಂತ್ರದೊಳಗೆ ಏಳು ಅಂಕಿ. ಇದನ್ನರಿಯದವನು ಬರೆದ ಸಾಫ್ಟ್‌ವೇರು ಐದಕ್ಕೆ ಕತ್ತರಿಸಿದರೆ ಲಕ್ಷ್ಮಿಯ ಕಾಲೇ ಹೋಗುತ್ತದೆ. ಕನ್ನಡ ಟೈಪು ಮಾಡುವ ಕೀಲಿಮಣೆಯ ವಿನ್ಯಾಸವನ್ನು ನಮಗೆ ಕೊಟ್ಟ ಕೆ. ಪಿ. ರಾಯರು ಕೂಡ ಮುಂಬಯಿಯಲ್ಲಿ ದುಡಿದವರು. ಹೊರನಾಡಿನಲ್ಲಿದ್ದು ಕನ್ನಡಕ್ಕೆ ಏನು ಮಾಡಲಾದೀತು ಎನ್ನುವವರಿಗೆ ಅವರೇ ಉತ್ತರ. ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿಯೋ ಇಂಗ್ಲಿಷ್ ಶಾಲೆಯಲ್ಲಿಯೋ ಓದಲಿ. ಆದರೆ ಲಕ್ಷ್ಮಿಗೆ ಎಷ್ಟು ಅಕ್ಷರ ಎಂಬುದನ್ನು ಮನೆಯಲ್ಲಿ ಕಲಿತಿರಲಿ. ನಮ್ಮ ಸಂಘ ನಡೆಸುವ ಭಾನುವಾರದ ಕನ್ನಡ ತರಗತಿಗೆ ಅವರನ್ನು ಕಳಿಸಿರಿ. ನಾನೂ ಬರುತ್ತೇನೆ, ಕಲಿಸಲು.

ನಮ್ಮ ತಂದೆಯವರು ಈಗ ಇಲ್ಲ. ಅವರ ಪ್ರಶ್ನೆಯನ್ನು ಈಗ ನನ್ನ ಮಗಳು ಕೇಳುತ್ತಾಳೆ: "ಅಪ್ಪಾ, ಇವತ್ತು ಏನು ಮಾಡಿದೆ?" ಕೆಲವು ದಿನ, "ಹತ್ತು ಸಾಲು ಬರೆದೆ" ಎನ್ನುತ್ತೇನೆ. ಕೆಲವು ದಿನ, "ಒಂದು ತಪ್ಪು ಹುಡುಕಿ ಎಲ್ಲರಿಗೂ ತೋರಿಸಿದೆ" ಎನ್ನುತ್ತೇನೆ. ಎರಡನೆಯ ಉತ್ತರ ಕೊಟ್ಟ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ, ಫೋನು ಕೂಗದಿದ್ದರೆ.